ಯಾರೂ ಕೊಳ್ಳದ ಪಾದರಸ

ಪಾದರಸ ಅಂದ ಕೂಡಲೇ ಥರ್ಮಾಮೀಟರ್ ನೆನಪಾಗುತ್ತದೆ. ಅದು ಒಡೆದರೆ ನೆಲದ ಮೇಲೆ ಉರುಳಾಡುವ, ಬೆರಳಿಗೆ ಸಿಗದೆ ಜಾರುವ ಬೆಳ್ಳಿ ಬಣ್ಣದ ಹನಿಗಳು ನೆನಪಾಗುತ್ತವೆ. ಹಾಗಾಗಿ ಪಾದರಸದ ಮಾಲಿನ್ಯ ಎಂದರೆ ಯಾರೋ ಪಾದರಸ ಕೊಂಡು ತಂದು, ಬಳಸಿ, ಮಿಕ್ಕಿದ್ದನ್ನು ಚರಂಡಿಗೆ ಸುರಿದಿರಬೇಕು ಎಂದುಕೊಳ್ಳುತ್ತೇವೆ. ಜಗತ್ತಿನ ಕೆಲವು ಕಡೆ ಹಾಗೇ ಆಗಿದೆ. ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದ ಕಥೆ ಮಾತ್ರ ಬೇರೆ. ಇಲ್ಲಿ ಗಾಳಿಗೆ ಸೇರುವ ಪಾದರಸದ ಬಹುಪಾಲನ್ನು ಯಾರೂ ಕೊಂಡಿಲ್ಲ. ಅದಕ್ಕೆ ಬಿಲ್ ಇಲ್ಲ, ಸ್ಟಾಕ್ ಬುಕ್‌ನಲ್ಲಿ ಲೆಕ್ಕ ಇಲ್ಲ. ಕಲ್ಲಿದ್ದಲಿನ ಒಳಗೆ ಕೂತು, ಟಿಕೆಟ್ ಇಲ್ಲದ ಪ್ರಯಾಣಿಕನ ಹಾಗೆ ಅದು ರೈಲಿನಲ್ಲಿ ಬಂದು ಇಳಿಯುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ರಾಯಚೂರು ಜಿಲ್ಲೆ, ಪಾದರಸ ಅಂದರೆ ಹಲವರ ಮನಸ್ಸು ಸೀದಾ ಹಟ್ಟಿ ಚಿನ್ನದ ಗಣಿಗೆ ಹೋಗುತ್ತದೆ. ಅದಕ್ಕೆ ಕಾರಣವೂ ಇದೆ. ಪಾದರಸ ಚಿನ್ನವನ್ನು ಹಿಡಿದುಕೊಳ್ಳುವ ಲೋಹ. ಎರಡನ್ನೂ ಸೇರಿಸಿದರೆ ಬೆಣ್ಣೆಯಷ್ಟು ಮೆತ್ತಗಿನ ಮುದ್ದೆ ಆಗುತ್ತದೆ. ಹಿಂದೆ ಕೋಲಾರದ ಗಣಿಗಳಲ್ಲೂ ಪಾದರಸ ಬಳಸಿ ಚಿನ್ನ ತೆಗೆದಿದ್ದಾರೆ. ಆದರೆ ಇವತ್ತು ಹಟ್ಟಿಯಲ್ಲಿ ಪುಡಿ ಮಾಡಿದ ಅದಿರಿನಿಂದ ಚಿನ್ನವನ್ನು ಕರಗಿಸಿ ತೆಗೆಯುವುದು ಸೈನೈಡ್ ದ್ರಾವಣದಿಂದ. ಸೈನೈಡಿಗೆ ಅದರದೇ ಅಪಾಯಗಳಿವೆ, ಆ ಮಾತು ಇನ್ನೊಂದು ಸಲ.

ಚಿನ್ನಕ್ಕಾಗಿ ಪಾದರಸ ಬಳಸುವುದು ಈಗ ಹೆಚ್ಚಾಗಿ ಆಫ್ರಿಕಾ, ದಕ್ಷಿಣ ಅಮೆರಿಕ, ಆಗ್ನೇಯ ಏಷ್ಯಾದ ಸಣ್ಣ ಸಣ್ಣ ಗಣಿಗಳಲ್ಲಿ. ಬಾಣಲೆ, ಬಕೆಟ್ ಹಿಡಿದು ಬಡವರು ನಡೆಸುವ ಗಣಿಗಳು ಅವು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದ ಪ್ರಕಾರ 2015ರಲ್ಲಿ ಮನುಷ್ಯರ ಕೆಲಸದಿಂದ ಗಾಳಿಗೆ ಹೋದ ಪಾದರಸ ಸುಮಾರು 2,200 ಟನ್. ಅದರಲ್ಲಿ ಶೇಕಡಾ 38ರಷ್ಟು ಇಂಥ ಗಣಿಗಳದ್ದು. ಎರಡನೇ ಸ್ಥಾನ ಕಲ್ಲಿದ್ದಲು ಸುಡುವುದಕ್ಕೆ, ಶೇಕಡಾ 21ರಷ್ಟು.

ಅದೇ ರಸಾಯನ ನಮ್ಮ ಊರಿನ ಸರಾಫ್ ಬಜಾರಿನಲ್ಲೂ ಚಿಕ್ಕದಾಗಿ ಕಾಣಿಸುತ್ತದೆ. ಅಕ್ಕಸಾಲಿಗರು ಅರ ಹಾಕುವಾಗ, ತಿಕ್ಕುವಾಗ ಉದುರುವ ಚಿನ್ನದ ಪುಡಿ ನೆಲದ ಧೂಳಿಗೆ ಸೇರುತ್ತದೆ. ಆ ಧೂಳನ್ನು ಯಾರೂ ಸುಮ್ನೆ ಎಸೆಯುವುದಿಲ್ಲ. ಅದನ್ನು ಕೊಂಡು ಹೋಗಿ ಚಿನ್ನ ತೆಗೆಯುವ ಜಲಗಾರರಿದ್ದಾರೆ. ಧೂಳನ್ನು ಅಗಲ ಪಾತ್ರೆಯಲ್ಲಿ ತೊಳೆದು ಹಗುರ ಮಣ್ಣನ್ನು ನೀರಿನ ಜೊತೆ ಬಿಡುತ್ತಾರೆ. ತಳದಲ್ಲಿ ಉಳಿದ ಕಪ್ಪು ಮಡ್ಡಿಗೆ ಸ್ವಲ್ಪ ಪಾದರಸ ಹಾಕಿ ಕೈಯಲ್ಲೇ ತಿಕ್ಕುತ್ತಾರೆ. ಚಿನ್ನದ ಕಣಗಳು ಅದಕ್ಕೆ ಅಂಟುತ್ತವೆ. ಬಟ್ಟೆಯಲ್ಲಿ ಹಾಕಿ ಹಿಂಡಿದರೆ ಹೆಚ್ಚುವರಿ ಪಾದರಸ ಹನಿಹನಿಯಾಗಿ ಹೊರಗೆ ಬರುತ್ತದೆ, ಒಳಗೆ ಬೂದು ಬಣ್ಣದ ಉಂಡೆ ಉಳಿಯುತ್ತದೆ. ಇಲ್ಲಿಯವರೆಗೆ ಅಪಾಯ ಕಡಿಮೆ. ಮುಂದಿನ ಹೆಜ್ಜೆಯೇ ಕೆಟ್ಟದ್ದು. ಉಂಡೆಯನ್ನು ಬೆಂಕಿಗೆ ಹಿಡಿಯುತ್ತಾರೆ. ಪಾದರಸ 357 ಡಿಗ್ರಿಗೆ ಕುದಿಯುತ್ತದೆ, ಚಿನ್ನ ಕರಗುವುದಕ್ಕೇ 1,064 ಡಿಗ್ರಿ ಬೇಕು. ಹಾಗಾಗಿ ಪಾದರಸ ಆವಿಯಾಗಿ ಹಾರಿಹೋಗಿ ಚಿನ್ನ ಉಳಿಯುತ್ತದೆ. ಆ ಆವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಿನ ಜೊತೆ ಒಳಗೆ ಹೋದರೆ ನೂರಕ್ಕೆ ಎಂಬತ್ತು ಭಾಗ ರಕ್ತಕ್ಕೆ ಸೇರುತ್ತದೆ. ಕೈ ನಡುಕ, ನಿದ್ದೆಗೇಡು, ಮರೆವು, ಸಿಡುಕು, ಮೂತ್ರಪಿಂಡದ ತೊಂದರೆ ಇವೆಲ್ಲ ಅದರ ಹಿಂದೆ ಬರುತ್ತವೆ. ವಿಚಿತ್ರ ಎಂದರೆ ಥರ್ಮಾಮೀಟರಿನ ಪಾದರಸವನ್ನು ಮಗು ಅಕಸ್ಮಾತ್ ನುಂಗಿದರೆ ಹೊಟ್ಟೆ ಅದನ್ನು ಹೀರಿಕೊಳ್ಳುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅದೇ ಹನಿ ಮುಚ್ಚಿದ ಕೋಣೆಯ ಮೂಲೆಯಲ್ಲಿ ಆವಿಯಾಗುತ್ತ ಕೂತರೆ ಅಪಾಯ ಜಾಸ್ತಿ.

ಮುಚ್ಚಳ ಇರುವ, ಆವಿಯನ್ನು ತಣ್ಣಗೆ ಮಾಡಿ ಮತ್ತೆ ಪಾದರಸವಾಗಿ ಹಿಡಿಯುವ ರಿಟಾರ್ಟ್ ಎಂಬ ಸಾಧನ ಇದೆ. ಅದನ್ನು ಬಳಸಿದರೆ ಕೊಂಡ ಪಾದರಸವೂ ಉಳಿಯುತ್ತದೆ, ಶ್ವಾಸಕೋಶವೂ ಉಳಿಯುತ್ತದೆ. ಬಜಾರಿನ ಸಂದಿಯಲ್ಲಿ ನಡೆಯುವ ಕೆಲಸಕ್ಕೆ ಅದನ್ನು ತಲುಪಿಸುವವರು ಬೇಕು, ಅಷ್ಟೆ.

ಕೊಂಡು ಬಳಸುವ ಪಾದರಸದ ಕಥೆ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಜಪಾನಿನ ಮಿನಮಾಟಾದಲ್ಲಿ ಚಿಸ್ಸೊ ಕಂಪನಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸಲು ಪಾದರಸವನ್ನು ವೇಗವರ್ಧಕವಾಗಿ ಬಳಸಿತು. 1932ರಿಂದ 1968ರವರೆಗೆ ಅದರ ಕೊಳಕು ನೀರು ಕೊಲ್ಲಿಗೆ ಹೋಯಿತು. ಮೊದಲು ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು, ಆಮೇಲೆ ಮೀನು ತಿಂದ ಮನುಷ್ಯರು ಕೈಕಾಲು ಸ್ವಾಧೀನ ಕಳೆದುಕೊಂಡರು. 1956ರ ಮೇ 1ರಂದು ಕಂಪನಿಯ ಆಸ್ಪತ್ರೆಯ ವೈದ್ಯರೇ ಈ ರೋಗವನ್ನು ವರದಿ ಮಾಡಿದರು. ಕಾರಣ ಕಾರ್ಖಾನೆಯೇ ಎಂದು ಸರ್ಕಾರ ಒಪ್ಪಿಕೊಂಡಿದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷ ಮೀನು ತಿನ್ನುವುದೂ ನಡೆಯಿತು, ನೀರು ಬಿಡುವುದೂ ನಡೆಯಿತು. ನಮ್ಮಲ್ಲಿ ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಮೆತ್ತಿದ ಗಾಜಿನ ಚೂರು ಗುಜರಿ ಅಂಗಡಿ ಸೇರಿದ ಮೇಲೆ, 2001ರಲ್ಲಿ ಕಾರ್ಖಾನೆ ಮುಚ್ಚಿತು. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸುತ್ತಲಿನ ಪಾದರಸದ ಬಗ್ಗೆ 1990ರಲ್ಲೇ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬಂದಿತ್ತು. ಈ ಪಾದರಸವನ್ನು ನಿಲ್ಲಿಸುವುದು ತುಲನೆಯಲ್ಲಿ ಸುಲಭ. ಬದಲಿ ತಂತ್ರ ತನ್ನಿ, ಮಾರಾಟ ನಿಲ್ಲಿಸಿ, ಮುಗಿಯಿತು. ಕಾಸ್ಟಿಕ್ ಸೋಡಾ ಕಾರ್ಖಾನೆಗಳು ಪಾದರಸ ಬಿಟ್ಟು ಮೆಂಬ್ರೇನ್ ತಂತ್ರಕ್ಕೆ ಬಂದಿವೆ. ಆಸ್ಪತ್ರೆಗಳಿಗೆ ಡಿಜಿಟಲ್ ಥರ್ಮಾಮೀಟರ್ ಬಂದಿದೆ. ಮನೆಗೆ ಎಲ್‌ಇಡಿ ಬಂದು ಟ್ಯೂಬ್‌ಲೈಟ್ ಹೋಗುತ್ತಿದೆ.

ಕಲ್ಲಿದ್ದಲಿನದು ಹಾಗಲ್ಲ.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸರಾಸರಿ ಒಂದು ಟನ್ನಿಗೆ ಸುಮಾರು 0.14 ಗ್ರಾಂ ಪಾದರಸ ಇರುತ್ತದೆ. ಗಣಿಯಿಂದ ಗಣಿಗೆ ಇದು ತುಂಬ ಬದಲಾಗುತ್ತದೆ, ಆದರೂ ಲೆಕ್ಕಕ್ಕೆ ಈ ಅಂಕಿ ಸಾಕು. ಹತ್ತು ಟನ್ನಿನ ಲಾರಿ ಲೋಡಿನಲ್ಲಿ ಒಂದೂವರೆ ಗ್ರಾಂ ಕೂಡ ಆಗಲಿಲ್ಲ. ಇದೇನು ಮಹಾ ಅನಿಸುತ್ತದೆ, ಅಲ್ವಾ? ಈಗ ಸುಡುವ ಪ್ರಮಾಣ ನೋಡಿ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ನ ಎಂಟು ಘಟಕ ಸೇರಿ 1,720 ಮೆಗಾವಾಟ್. ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಹಿಡಿಯಿರಿ. ಎಲ್ಲ ಘಟಕಗಳೂ ಇಡೀ ದಿನ ಪೂರ್ತಿ ಓಡಿದರೆ 28 ಸಾವಿರ ಟನ್ನಿಗೂ ಮೀರಿ ಕಲ್ಲಿದ್ದಲು ಬೇಕು. ಅದರ ಒಳಗಿನ ಪಾದರಸ ಸುಮಾರು 4 ಕಿಲೋ. ದಿನವೂ ಎಲ್ಲ ಘಟಕ ಪೂರ್ತಿ ಓಡುವುದಿಲ್ಲ, ಆಗ ಲೆಕ್ಕವೂ ಇಳಿಯುತ್ತದೆ. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ಹಾಗಾಗಿ 4 ಕಿಲೋ ಎಂದರೆ ಮುನ್ನೂರು ಮಿಲಿಲೀಟರೂ ಆಗದು, ಅರ್ಧ ಲೀಟರಿನ ನೀರಿನ ಬಾಟಲಿ ಕೂಡ ತುಂಬುವುದಿಲ್ಲ. ಒಂದು ಸಿಎಫ್‌ಎಲ್ ಬಲ್ಬಿನಲ್ಲಿ ಇರುವುದು ನಾಲ್ಕೈದು ಮಿಲಿಗ್ರಾಂ ಎಂದು ನೆನಪಿಟ್ಟುಕೊಂಡರೆ ಈ ಬಾಟಲಿಯ ತೂಕ ಗೊತ್ತಾಗುತ್ತದೆ. ಇದರ ಜೊತೆ ರಾಯಚೂರಿನ ಮಗ್ಗುಲಲ್ಲೇ ಯರಮರಸ್‌ನಲ್ಲಿ 1,600 ಮೆಗಾವಾಟ್, ಬಳ್ಳಾರಿಯ ಕುಡಿತಿನಿಯಲ್ಲಿ 1,700 ಮೆಗಾವಾಟ್ ಇದೆ.

ಬಾಯ್ಲರ್ ಕುಲುಮೆಯ ಶಾಖ ಸಾವಿರ ಡಿಗ್ರಿಗಿಂತ ಮೇಲೆ. ಅಲ್ಲಿ ಕಲ್ಲಿದ್ದಲಿನ ಪಾದರಸ ಪೂರ್ತಿ ಆವಿಯಾಗಿಬಿಡುತ್ತದೆ. ಹೊಗೆ ತಣ್ಣಗಾಗುತ್ತ ಚಿಮಣಿಯ ಕಡೆ ಹೋಗುವ ಕೆಲವೇ ಸೆಕೆಂಡುಗಳಲ್ಲಿ ಆ ಆವಿ ಮೂರು ದಾರಿ ಹಿಡಿಯುತ್ತದೆ. ಸ್ವಲ್ಪ ಭಾಗ ಬೂದಿಯ ಕಣಗಳಿಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಭಾಗ ಹೊಗೆಯಲ್ಲಿನ ಕ್ಲೋರಿನ್ ಜೊತೆ ಸೇರಿ ನೀರಿನಲ್ಲಿ ಕರಗುವ ರೂಪಕ್ಕೆ ಬರುತ್ತದೆ. ಉಳಿದದ್ದು ಹಾಗೇ ಶುದ್ಧ ಆವಿಯಾಗಿ ಇರುತ್ತದೆ. ಪಾದರಸದ ಮುಂದಿನ ಪ್ರಯಾಣವೆಲ್ಲ ಈ ಮೂರು ರೂಪದ ಮೇಲೆ ನಿಂತಿದೆ. ಬೂದಿಗೆ ಅಂಟಿದ್ದನ್ನು ಇಎಸ್‌ಪಿ, ಅಂದರೆ ವಿದ್ಯುತ್ತಿನಿಂದ ಬೂದಿ ಹಿಡಿಯುವ ಯಂತ್ರ, ಹಿಡಿಯುತ್ತದೆ. ಕರಗುವ ರೂಪದ್ದು ತಪ್ಪಿಸಿಕೊಂಡರೂ ಬಹಳ ದೂರ ಹೋಗದೆ ಮಳೆಯ ಜೊತೆ ಸುತ್ತಮುತ್ತಲೇ ಇಳಿಯುತ್ತದೆ. ಶುದ್ಧ ಆವಿ ಮಾತ್ರ ಇಎಸ್‌ಪಿಗೂ ಸಿಗುವುದಿಲ್ಲ, ಮಳೆಗೂ ಸಿಗುವುದಿಲ್ಲ. ಅದು ತಿಂಗಳುಗಟ್ಟಲೆ ಗಾಳಿಯಲ್ಲಿದ್ದು ಭೂಮಿಯನ್ನೇ ಸುತ್ತುತ್ತದೆ. ನಮ್ಮ ಕಲ್ಲಿದ್ದಲಿನಲ್ಲಿ ಕ್ಲೋರಿನ್ ಕಡಿಮೆ. ಹಾಗಾಗಿ ಈ ಹಾರಿಹೋಗುವ ಪಾಲು ನಮ್ಮಲ್ಲಿ ಜಾಸ್ತಿ. ಶಕ್ತಿನಗರದ ಪಾದರಸ ಎಲ್ಲೋ ಸಮುದ್ರದ ಮೇಲೆ ಇಳಿಯಬಹುದು, ಬೇರೆ ದೇಶದ್ದು ನಮ್ಮ ಹೊಲಕ್ಕೆ ಇಳಿಯಬಹುದು. ಇದಕ್ಕೆ ಅಂತರರಾಷ್ಟ್ರೀಯ ಒಪ್ಪಂದ ಯಾಕೆ ಬೇಕಾಯಿತು ಎಂಬುದಕ್ಕೆ ಇದೇ ಉತ್ತರ.

ದೇವಸೂಗೂರು, ಶಕ್ತಿನಗರದ ಕಡೆ ಹೋದರೆ ಕಿವಿಗೆ ಬೀಳುವ ದೂರು ಒಂದೇ: "ಬೂದಿ ಹಾರ್ತದ್ರಿ, ಬಟ್ಟಿ ಒಣಹಾಕಂಗಿಲ್ಲ." ಬೂದಿ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದರ ಮೇಲೆ ದೂರು ಬರುತ್ತದೆ, ಅಧಿಕಾರಿಗಳು ಅದನ್ನು ಅಳೆಯುತ್ತಾರೆ. ಕಾಣದ್ದರ ಮೇಲೆ ಯಾರು ದೂರು ಕೊಡಬೇಕು?

ಕಾನೂನು ಏನು ಹೇಳುತ್ತದೆ ನೋಡಿ. 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ಮೊದಲ ಬಾರಿಗೆ ಪಾದರಸದ ಮಿತಿ ಹಾಕಿತು. ಒಂದು ಘನ ಮೀಟರ್ ಹೊಗೆಯಲ್ಲಿ 0.03 ಮಿಲಿಗ್ರಾಂ. ಆದರೆ 2003ರ ಕೊನೆಯೊಳಗೆ ಶುರುವಾದ ಹಳೆಯ ಸ್ಥಾವರಗಳಲ್ಲಿ 500 ಮೆಗಾವಾಟ್ ಅಥವಾ ಅದಕ್ಕಿಂತ ದೊಡ್ಡ ಘಟಕಗಳಿಗೆ ಮಾತ್ರ ಈ ಮಿತಿ. ಆರ್‌ಟಿಪಿಎಸ್‌ನ ಮೊದಲ ಏಳು ಘಟಕಗಳು 1985ರಿಂದ 2002ರ ನಡುವೆ ಬಂದವು, ಒಂದೊಂದೂ 210 ಮೆಗಾವಾಟ್. ಅಂದರೆ ಆ ಏಳಕ್ಕೂ ಪಾದರಸದ ಮಿತಿಯೇ ಅನ್ವಯಿಸುವುದಿಲ್ಲ. ಹಳೆಯ, ಕಡಿಮೆ ದಕ್ಷತೆಯ ಘಟಕಗಳನ್ನೇ ಹೊರಗಿಟ್ಟ ಈ ಲೆಕ್ಕಾಚಾರ ನನಗಂತೂ ಉಲ್ಟಾ ಅನಿಸುತ್ತದೆ.

ಮಿತಿ ಅನ್ವಯಿಸುವ ಕಡೆಯಾದರೂ ಅದು ಎಷ್ಟು ಬಿಗಿ? ಒಂದು ಕಿಲೋ ಕಲ್ಲಿದ್ದಲು ಸುಟ್ಟರೆ ಐದಾರು ಘನ ಮೀಟರ್ ಹೊಗೆ ಬರುತ್ತದೆ. ಆ ಒಂದು ಕಿಲೋದಲ್ಲಿ ಸರಾಸರಿ 0.14 ಮಿಲಿಗ್ರಾಂ ಪಾದರಸ. ಭಾಗಿಸಿ ನೋಡಿ. ಒಂದು ಕಣವನ್ನೂ ಹಿಡಿಯದೆ ಎಲ್ಲವನ್ನೂ ಚಿಮಣಿಯಿಂದ ಬಿಟ್ಟರೂ ಘನ ಮೀಟರಿಗೆ 0.03ರ ಒಳಗೇ ಬರುತ್ತದೆ. ಸರಾಸರಿ ಕಲ್ಲಿದ್ದಲು ಸುಡುವ ಸ್ಥಾವರ ಏನೂ ಮಾಡದೆ ಪಾಸ್ ಆಗುವಂಥ ಪರೀಕ್ಷೆ ಇದು. ಅಲ್ಲದೆ ಇದು ಹೊಗೆಯಲ್ಲಿನ ಸಾಂದ್ರತೆಯ ಮಿತಿ. ವರ್ಷಕ್ಕೆ ಒಟ್ಟು ಎಷ್ಟು ಕಿಲೋ ಹೋಯಿತು ಎಂದು ಅದು ಕೇಳುವುದೇ ಇಲ್ಲ.

ಪಾದರಸಕ್ಕೆಂದೇ ಯಂತ್ರ ಹಾಕದೆಯೂ ಹಿಡಿಯುವ ಒಂದು ದಾರಿ ಇತ್ತು. ಗಂಧಕದ ಹೊಗೆಯನ್ನು ಸುಣ್ಣದ ಕಲ್ಲಿನ ನೀರಿನಿಂದ ತೊಳೆಯುವ ಎಫ್‌ಜಿಡಿ ಘಟಕ. ನೀರಿನಲ್ಲಿ ಕರಗುವ ರೂಪದ ಪಾದರಸ ಅದರಲ್ಲಿ ತಾನಾಗಿಯೇ ಸಿಕ್ಕಿಬೀಳುತ್ತದೆ. 2015ರ ನಿಯಮದಿಂದಾಗಿ ಎಲ್ಲ ಕಡೆ ಎಫ್‌ಜಿಡಿ ಬರಬೇಕಿತ್ತು. ಗಡುವು ಮುಂದೆ ಹೋಗುತ್ತಲೇ ಇತ್ತು. ಕೊನೆಗೆ 2025ರ ಜುಲೈನಲ್ಲಿ ದೇಶದ ಬಹುಪಾಲು ಘಟಕಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಆ ಚರ್ಚೆಯೆಲ್ಲ ಗಂಧಕದ ಸುತ್ತಲೇ ನಡೆಯಿತು. ಅದರ ಜೊತೆ ಹಿಡಿಯಬಹುದಾಗಿದ್ದ ಪಾದರಸವೂ ಕೈತಪ್ಪಿತು.

ಇನ್ನು ಇಎಸ್‌ಪಿ ಹಿಡಿದ ಬೂದಿ. ಹಿಡಿದ ಮಾತ್ರಕ್ಕೆ ಪಾದರಸ ಇಲ್ಲವಾಗುವುದಿಲ್ಲ, ಅದು ಲೋಹ, ಕೊಳೆಯುವುದಿಲ್ಲ. ಬೂದಿ ಎಲ್ಲಿ ಹೋಗುತ್ತದೆ ಎನ್ನುವುದು ಮುಖ್ಯ. ಕೆಲವು ಬೂದಿ ನೀರಿನ ಜೊತೆ ಹೊಂಡಕ್ಕೆ ಹೋಗುತ್ತದೆ, ಒಣ ಬೂದಿ ಬಲ್ಕರ್ ಲಾರಿಗಳಲ್ಲಿ ಸಿಮೆಂಟ್ ಕಾರ್ಖಾನೆಗೆ ಮತ್ತು ಇಟ್ಟಿಗೆ ಮಾಡುವವರಿಗೆ ಹೋಗುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಸಿಮೆಂಟ್ ಅರೆಯುವಾಗ ಬೂದಿ ಬೆರೆಸಿದರೆ ಮತ್ತೆ ಕಾಯಿಸುವ ಪ್ರಶ್ನೆ ಇಲ್ಲ, ಪಾದರಸ ಗೋಡೆಯಲ್ಲೇ ಉಳಿಯುತ್ತದೆ. ಸುಣ್ಣ, ಸಿಮೆಂಟ್ ಹಾಕಿ ಒತ್ತಿ, ನೀರು ಹೊಡೆದು ಗಟ್ಟಿ ಮಾಡುವ ಬೂದಿ ಇಟ್ಟಿಗೆಯೂ ಅಷ್ಟೇ, ಅದನ್ನು ಸುಡುವುದಿಲ್ಲ. ಆದರೆ ಅದೇ ಬೂದಿಯನ್ನು ಸಿಮೆಂಟ್ ಗೂಡಿನ ಕಚ್ಚಾ ಪುಡಿಗೆ ಸೇರಿಸಿದರೆ, ಅಥವಾ ಮಣ್ಣಿಗೆ ಕಲಸಿ ಭಟ್ಟಿಯಲ್ಲಿ ಇಟ್ಟಿಗೆ ಸುಟ್ಟರೆ, ಇಎಸ್‌ಪಿ ಕಷ್ಟಪಟ್ಟು ಹಿಡಿದದ್ದು ಮತ್ತೆ ಗಾಳಿಗೆ ಹೋಯಿತು. ಬೂದಿ ಬಳಕೆ ನೂರಕ್ಕೆ ನೂರು ಎಂಬ ವರದಿ ಈ ಎರಡು ದಾರಿಗಳಿಗೆ ಫರಕು ಮಾಡುವುದಿಲ್ಲ.

ಬಳ್ಳಾರಿ, ಕೊಪ್ಪಳದ ಕಡೆಗೆ ಬಂದರೆ ಕಬ್ಬಿಣ. ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆ, ಎರಡೂ ಜಿಲ್ಲೆಗಳಲ್ಲಿ ಹರಡಿದ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ಕಲ್ಲಿದ್ದಲಿನ ಜೊತೆ ಕಾಯಿಸಿ ಮಾಡುವ ಕಬ್ಬಿಣ) ಘಟಕಗಳು. ಇಲ್ಲೂ ಪಾದರಸ ಬರುವುದು ಕಲ್ಲಿದ್ದಲು ಮತ್ತು ಅದಿರಿನ ಜೊತೆ. ಅದಿರಿನ ಪುಡಿಯನ್ನು ಕಾಯಿಸಿ ಗಟ್ಟಿ ಮಾಡುವ ಸಿಂಟರ್ ಘಟಕದಲ್ಲಿ, ಸ್ಪಾಂಜ್ ಐರನ್ನಿನ ತಿರುಗುವ ಗೂಡಿನಲ್ಲಿ ಅದು ಆವಿಯಾಗುತ್ತದೆ. ಪಾದರಸದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಿನಮಾಟಾದ ಹೆಸರನ್ನೇ ಇಟ್ಟಿದ್ದಾರೆ. 2013ರಲ್ಲಿ ಒಪ್ಪಿತವಾಗಿ 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಸೇರಿತು. ಗಾಳಿಗೆ ಬಿಡುವ ಪಾದರಸವನ್ನು ಕಡಿಮೆ ಮಾಡಬೇಕಾದ ಐದು ಬಗೆಯ ಉದ್ಯಮಗಳ ಪಟ್ಟಿ ಅದರಲ್ಲಿದೆ: ಕಲ್ಲಿದ್ದಲು ವಿದ್ಯುತ್ ಸ್ಥಾವರ, ಕಲ್ಲಿದ್ದಲಿನ ಕೈಗಾರಿಕಾ ಬಾಯ್ಲರ್, ಸೀಸ ಸತು ತಾಮ್ರ ಚಿನ್ನದ ಕುಲುಮೆ, ಕಸ ಸುಡುವ ಘಟಕ, ಸಿಮೆಂಟ್. ಕಬ್ಬಿಣ, ಉಕ್ಕು ಪಟ್ಟಿಯಲ್ಲಿ ಇಲ್ಲ. ಕಾರ್ಖಾನೆಯ ಒಳಗಿನ ಸ್ವಂತ ವಿದ್ಯುತ್ ಘಟಕ ಪಟ್ಟಿಗೆ ಬರುತ್ತದೆ, ಪಕ್ಕದ ಸಿಂಟರ್ ಘಟಕ ಬರುವುದಿಲ್ಲ.

ಗಾಳಿಗೆ ಹೋದದ್ದು ಎಲ್ಲೋ ಇಳಿಯಲೇಬೇಕು. ಇಳಿದ ಪಾದರಸ ಮಣ್ಣಿನಲ್ಲಿ ಸುಮ್ಮನೆ ಬಿದ್ದಿದ್ದರೆ ಇಷ್ಟು ತಲೆಬಿಸಿ ಇರಲಿಲ್ಲ. ಕೆರೆ, ಜಲಾಶಯದ ತಳದ ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾ ಪಾದರಸಕ್ಕೆ ಇಂಗಾಲದ ತುಣುಕೊಂದನ್ನು ಜೋಡಿಸಿ ಮೀಥೈಲ್ ಪಾದರಸ ಮಾಡುತ್ತವೆ. ಮಿನಮಾಟಾದಲ್ಲಿ ಜನರನ್ನು ಕೊಂದದ್ದು ಇದೇ. ಇದು ಊಟದ ಜೊತೆ ಹೊಟ್ಟೆಗೆ ಹೋದರೆ ಹೆಚ್ಚು ಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ, ಮೆದುಳಿಗೆ ಹೋಗುತ್ತದೆ, ಬಸುರಿಯಿಂದ ಹೊಟ್ಟೆಯಲ್ಲಿನ ಮಗುವಿಗೂ ದಾಟುತ್ತದೆ. ಒಳಗೆ ಹೋದದ್ದರಲ್ಲಿ ಅರ್ಧ ಹೊರಹೋಗಲು ಸುಮಾರು ಐವತ್ತು ದಿನ ಬೇಕು.

ಪಾಚಿ ತಿಂದ ಹುಳ, ಹುಳ ತಿಂದ ಸಣ್ಣ ಮೀನು, ಸಣ್ಣ ಮೀನು ತಿಂದ ದೊಡ್ಡ ಮೀನು, ಹೀಗೆ ಮೇಲೆ ಹೋದಂತೆ ಅದು ಕೂಡುತ್ತಲೇ ಹೋಗುತ್ತದೆ. ನೀರಿನಲ್ಲಿ ಅಳೆದರೆ ಸಿಗದಷ್ಟು ಕಡಿಮೆ ಇದ್ದರೂ ಬೇಟೆ ಮೀನಿನಲ್ಲಿ ಅದರ ಹತ್ತು ಲಕ್ಷ ಪಟ್ಟು ಇರಬಹುದು. ಕುಡಿಯುವ ನೀರಿಗೆ ನಮ್ಮ ಮಾನಕದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ನೀರು ಆ ಪರೀಕ್ಷೆ ಪಾಸಾಯಿತು ಎಂದರೆ ಮೀನೂ ಪಾಸಾಯಿತು ಎಂದು ಅರ್ಥವಲ್ಲ. ಕೃಷ್ಣೆಯಲ್ಲಾಗಲಿ ತುಂಗಭದ್ರೆಯಲ್ಲಾಗಲಿ, ಬೇರೆ ಮೀನು ತಿಂದು ಬದುಕುವ ಕೊರಮೀನಿನಂಥವುಗಳಲ್ಲಿ ಇದು ಹೆಚ್ಚು ಕೂಡುತ್ತದೆ. ಪಾಚಿ, ಸಣ್ಣ ಜೀವಿ ತಿನ್ನುವ ರೋಹು, ಕಾಟ್ಲಾದಲ್ಲಿ ಕಡಿಮೆ. ಮೀಥೈಲ್ ಪಾದರಸ ಕೂರುವುದು ಕೊಬ್ಬಿನಲ್ಲಲ್ಲ, ಮಾಂಸದಲ್ಲಿ. ಚರ್ಮ ಸುಲಿದರೂ, ಕೊಬ್ಬು ತೆಗೆದರೂ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಹಾಗಂತ ಮೀನು ಬಿಡಬೇಕಿಲ್ಲ. ಬಸುರಿಯರು, ಹಾಲುಣಿಸುವವರು, ಸಣ್ಣ ಮಕ್ಕಳು ದೊಡ್ಡ ಬೇಟೆ ಮೀನು ಕಡಿಮೆ ಮಾಡಿ ರೋಹು, ಕಾಟ್ಲಾ ತಿಂದರೆ ಸಾಕು.

ನೀರು ನಿಲ್ಲಿಸಿದ ಭತ್ತದ ಗದ್ದೆಯ ಕೆಸರೂ ಈ ಬ್ಯಾಕ್ಟೀರಿಯಾಗಳಿಗೆ ಒಗ್ಗುವ ಜಾಗ. ಚೀನಾದ ಗುಯಿಝೌ ಪ್ರಾಂತ್ಯದ ಪಾದರಸ ಗಣಿಗಳ ಸುತ್ತ ಜನರ ದೇಹಕ್ಕೆ ಮೀಥೈಲ್ ಪಾದರಸ ಬರುವುದು ಮೀನಿನಿಂದಲ್ಲ, ಅನ್ನದಿಂದ ಎಂದು ಅಲ್ಲಿನ ಸಂಶೋಧಕರು ತೋರಿಸಿದ್ದಾರೆ. ಗಂಗಾವತಿ, ಸಿಂಧನೂರಿನ ಸೋನಾ ಮಸೂರಿ ಉಣ್ಣುವವರು ಇದನ್ನು ಓದಿ ಗಾಬರಿ ಬೀಳಬೇಡಿ. ಗುಯಿಝೌ ಶತಮಾನಗಳ ಕಾಲ ಪಾದರಸವನ್ನೇ ಅಗೆದ ನೆಲ. ಆದರೆ ಭತ್ತದ ಸೀಮೆಯೊಂದರ ಪಕ್ಕದಲ್ಲೇ ಕಲ್ಲಿದ್ದಲು ಸುಡುವಾಗ, ಅಳತೆಯಲ್ಲಿ ಗದ್ದೆಯ ಮಣ್ಣು ಮತ್ತು ಅಕ್ಕಿಯೂ ಸೇರಬೇಕು ಎನ್ನುವುದಕ್ಕೆ ಇಷ್ಟು ಕಾರಣ ಸಾಕು.

ತಡೆಯುವ ತಂತ್ರ ಇಲ್ಲ ಎಂದೇನೂ ಅಲ್ಲ. ಕಲ್ಲಿದ್ದಲನ್ನು ತೊಳೆದರೆ ಬೂದಿಯ ಜೊತೆ ಪಾದರಸದ ಒಂದು ಪಾಲೂ ಗಣಿಯಲ್ಲೇ ಉಳಿಯುತ್ತದೆ. ಹೊಗೆಗೆ ನುಣ್ಣನೆ ಇದ್ದಿಲ ಪುಡಿ ಊದಿದರೆ ಆವಿ ಅದಕ್ಕೆ ಅಂಟುತ್ತದೆ, ಅಮೆರಿಕದ ಸ್ಥಾವರಗಳು ಇದನ್ನು ಮಾಮೂಲಾಗಿ ಬಳಸುತ್ತವೆ. ಹಳೆಯ ಘಟಕ ಮುಚ್ಚಿ ಕಡಿಮೆ ಕಲ್ಲಿದ್ದಲಿನಲ್ಲಿ ಅಷ್ಟೇ ಕರೆಂಟು ಕೊಡುವ ಘಟಕ ಓಡಿಸಿದರೂ ಲೆಕ್ಕ ಇಳಿಯುತ್ತದೆ. ಮಿನಮಾಟಾ ಒಪ್ಪಂದದ ಪ್ರಕಾರ ಹಳೆಯ ಸ್ಥಾವರಗಳ ಬಗ್ಗೆ ಕ್ರಮ ಕೈಗೊಳ್ಳಲು ಸೇರಿದ ದಿನದಿಂದ ಹತ್ತು ವರ್ಷ ಸಮಯ. ಭಾರತಕ್ಕೆ ಅದು 2028ಕ್ಕೆ ಮುಗಿಯುತ್ತದೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಕಾಗದ. ಕಾರ್ಖಾನೆಗಳು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ಪರಿಸರ ಹೇಳಿಕೆಯಲ್ಲಿ ಕಚ್ಚಾ ವಸ್ತು ಎಷ್ಟು ಬಳಸಿದಿರಿ ಎಂಬ ಭಾಗ ಇರುತ್ತದೆ. ಕಲ್ಲಿದ್ದಲಿನ ಟನ್ ಲೆಕ್ಕ ಅದರಲ್ಲಿ ಸಿಗುತ್ತದೆ, ಪಾದರಸ ಸಿಗುವುದಿಲ್ಲ, ಯಾಕೆಂದರೆ ಅದನ್ನು ಯಾರೂ ಕೊಂಡಿಲ್ಲ. ಹೊಸ ಘಟಕಕ್ಕೋ ವಿಸ್ತರಣೆಗೋ ಊರಿನಲ್ಲಿ ಸಾರ್ವಜನಿಕ ಅಹವಾಲು ನಡೆದಾಗ ಮೂರು ಪ್ರಶ್ನೆ ಕೇಳಬಹುದು. ನೀವು ತರುವ ಕಲ್ಲಿದ್ದಲಿನಲ್ಲಿ ಟನ್ನಿಗೆ ಎಷ್ಟು ಪಾದರಸ, ಯಾವ ಲ್ಯಾಬ್ ಅಳೆದದ್ದು? ವರ್ಷಕ್ಕೆ ಒಟ್ಟು ಎಷ್ಟು ಕಿಲೋ ಚಿಮಣಿಗೆ, ಎಷ್ಟು ಬೂದಿಗೆ? ಆ ಬೂದಿ ಸುಡದ ಇಟ್ಟಿಗೆಗೆ ಹೋಗುತ್ತದೋ, ಸುಡುವ ಭಟ್ಟಿಗೋ? ಉತ್ತರ ಬರಲಿ ಬಿಡಲಿ, ಅಹವಾಲಿನಲ್ಲಿ ಕೇಳಿದ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗಬೇಕು ಎಂಬುದು ನಿಯಮ.